ಕೆಟ್ಟ ಲ್ಯಾಪ್‌ಟಾಪ್‌ಗೆ ಬದಲಿ ಕೇಳಿದರೆ ಇನ್ನಷ್ಟು ದುಡ್ಡು ಕೊಡಿ ಅಂತಾರೆ: ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಶ್ರೀ ಪ್ರಲ್ಹಾದ ಜೋಶಿ ಅವರು,
ಮಾನ್ಯ ಕೇಂದ್ರ ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವರು

ಮಾನ್ಯರೇ, ನಮಸ್ಕಾರ.

ನಾನು ಧಾರವಾಡದವಳು. ನೀವು ನಮ್ಮ ಕ್ಷೇತ್ರದ ಸಂಸದರು, ಗ್ರಾಹಕ ವ್ಯವಹಾರಗಳ ಖಾತೆಯೂ ನಿಮ್ಮ ಬಳಿಯೇ ಇದೆ. ಹಾಗಾಗಿ ಈ ಮಾತು ನಿಮಗೇ ಹೇಳಬೇಕು ಅನ್ನಿಸಿತು. ಬಹಿರಂಗವಾಗಿ ಬರೆಯುತ್ತಿರುವುದು ಯಾಕೆಂದರೆ ಇದು ನನ್ನೊಬ್ಬಳ ಗೋಳಲ್ಲ. ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ನನ್ನ ಪಕ್ಕ ಕೂತಿದ್ದವರಲ್ಲಿ ಹಲವರು ಇದೇ ಕಥೆ ಹೇಳುತ್ತಿದ್ದರು. ಇಂಜಿನಿಯರಿಂಗ್ ಓದುವ ಹುಡುಗರು, ಒಬ್ಬರು ಕಾಲೇಜು ಉಪನ್ಯಾಸಕರು, ಮಗಳ ಆನ್‌ಲೈನ್ ಪರೀಕ್ಷೆ ತಪ್ಪಿಹೋಯಿತು ಅಂತ ಸಿಟ್ಟಾಗಿದ್ದ ಒಬ್ಬ ತಂದೆ.

ನನ್ನ ಕೆಲಸ ಡಿಟಿಪಿ. ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧ ಟೈಪ್ ಮಾಡಿಕೊಡುತ್ತೇನೆ. ಸಣ್ಣ ಪ್ರಕಾಶಕರ ಪುಸ್ತಕಗಳಿಗೆ ಪುಟ ವಿನ್ಯಾಸ ಮಾಡುತ್ತೇನೆ. ದಸರಾ ಆಫರ್ ಹೊತ್ತಿನಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡೆ. ಹೆಸರುವಾಸಿ ಕಂಪನಿಯದೇ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 15.6 ಇಂಚಿನ ಪರದೆ, ಒಂದು ವರ್ಷದ ವಾರಂಟಿ. ಬೆಲೆ ಅರವತ್ತು ಸಾವಿರ ದಾಟಿತ್ತು. ಒಂದಿಷ್ಟು ಕೈಯಿಂದ ಕಟ್ಟಿ, ಉಳಿದದ್ದಕ್ಕೆ ಇಎಂಐ ಮಾಡಿಸಿದೆ.

ಮೂರನೇ ವಾರದಲ್ಲೇ ತೊಂದರೆ ಶುರುವಾಯಿತು. ಕೆಲಸ ಮಾಡುತ್ತಿದ್ದ ಹಾಗೆಯೇ ಪರದೆ ಕಪ್ಪಾಗಿ ಪೂರ್ತಿ ಆಫ್ ಆಗುತ್ತಿತ್ತು. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇದ್ದಾಗಲೂ ಹಾಗೇ. ಮತ್ತೆ ಆನ್ ಆಗಬೇಕಾದರೆ ಚಾರ್ಜರ್ ಹಚ್ಚಿ, ಪವರ್ ಬಟನ್ ಒತ್ತಿ ಹಿಡಿದು ಕಾಯಬೇಕು. ಮೊದಮೊದಲು ದಿನಕ್ಕೊಮ್ಮೆ ಆಗುತ್ತಿತ್ತು, ಆಮೇಲಾಮೇಲೆ ಒಂದು ಅಧ್ಯಾಯ ಮುಗಿಸುವಷ್ಟರಲ್ಲಿ ಎರಡು ಮೂರು ಸಲ. ಅಡಿಟಿಪ್ಪಣಿ, ಕೋಷ್ಟಕ ತುಂಬಿರುವ ಪ್ರಬಂಧದ ನಡುವೆ ಹೀಗಾದರೆ ಏನಾಗುತ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು.

ಅಂಗಡಿಗೆ ಹೋದೆ. "ಏಳು ದಿನದಾಗ ತಂದಿದ್ರ ಡಿಒಎ ಮಾಡಿ ಬದಲಿ ಕೊಡ್ತಿದ್ವಿ ಮೇಡಂ, ಈಗ ನಮ್ಮ ಕೈಯಾಗಿಲ್ಲ, ಕಂಪನಿ ಸರ್ವಿಸ್‌ಗೆ ಹೋಗ್ರಿ" ಅಂದರು. ಡಿಒಎ ಅಂದರೆ ಪೆಟ್ಟಿಗೆ ಬಿಚ್ಚಿದಾಗಲೇ ಕೆಟ್ಟಿರುವ ಮಾಲು. ಈ ಏಳು ದಿನದ ಮಾತು ಬಿಲ್ಲಿನ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಅಲ್ಲಿ ಅಚ್ಚಾಗಿದ್ದದ್ದು "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅನ್ನುವ ಸಾಲು ಮಾತ್ರ.

ಸಚಿವರೇ, ನಿಮ್ಮ ಇಲಾಖೆಯ ಕಾನೂನು ಇದಕ್ಕೆ ತದ್ವಿರುದ್ಧ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47) ಓದಿದ್ದೇನೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ನಾನು ಹೋದದ್ದು 30 ದಿನದೊಳಗೇ. ಈ ಕಾನೂನು 2020ರ ಜುಲೈನಲ್ಲಿ ಜಾರಿಗೆ ಬಂದಿದೆ. ಇಷ್ಟು ವರ್ಷ ಆದಮೇಲೂ ಅಂಗಡಿಯವರು ಆ ಸಾಲನ್ನು ಧೈರ್ಯವಾಗಿ ಅಚ್ಚು ಹಾಕಿಸುತ್ತಾರೆ ಅಂದರೆ ಕೇಳುವವರು ಯಾರೂ ಇಲ್ಲ ಅಂತ ತಾನೇ?

ಸರ್ವಿಸ್ ಸೆಂಟರಿನ ವಿಷಯಕ್ಕೆ ಬರುತ್ತೇನೆ. ಕೌಂಟರಿನಲ್ಲಿದ್ದ ಹುಡುಗ ಲ್ಯಾಪ್‌ಟಾಪ್ ಆನ್ ಮಾಡಿದ. ಆಯಿತು. "ಚಾಲೂ ಐತಲ್ರೀ ಮೇಡಂ, ಪ್ರಾಬ್ಲೆಮ್ ಏನೂ ಕಾಣವಲ್ತು" ಅಂದ. ಆಮೇಲೆ ಅದನ್ನು ತಿರುಗಿಸಿ ಬೆಳಕಿಗೆ ಹಿಡಿದು, ನಾಲ್ಕೂ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದ. ಎಡಗಡೆ ಯುಎಸ್‌ಬಿ ಕಿಂಡಿಯ ಪಕ್ಕ ಉಗುರು ತಾಗಿದಷ್ಟು ಗೀರು ಇತ್ತು. ಜಾಬ್ ಶೀಟಿನಲ್ಲಿ ಮೊದಲು ಬರೆದದ್ದು ಆ ಗೀರನ್ನು. ನನ್ನ ತೊಂದರೆ ಅದರ ಕೆಳಗೆ, ಇಂಗ್ಲಿಷಿನಲ್ಲಿ, "ಗ್ರಾಹಕರು ಹೇಳುವ ಪ್ರಕಾರ" ಅನ್ನುವ ಮಾತಿನೊಂದಿಗೆ.

ಆ ಗೀರು ಯಾಕೆ ಮುಖ್ಯ ಅಂತ ಪಕ್ಕದಲ್ಲಿ ಕೂತಿದ್ದವರು ಹೇಳಿದರು. ಅಲ್ಲಿ ಸಿಐಡಿ ಅಂತ ಒಂದು ಮಾತು ಓಡಾಡುತ್ತದೆ. ಗ್ರಾಹಕರಿಂದಲೇ ಆದ ಹಾನಿ ಅಂತ ಅರ್ಥ. ಆ ಮುದ್ರೆ ಬಿತ್ತು ಅಂದರೆ ವಾರಂಟಿ ಹೋದಂತೆ. ಪುಣ್ಯಕ್ಕೆ ನನ್ನದಕ್ಕೆ ಬೀಳಲಿಲ್ಲ. ಉಪನ್ಯಾಸಕರ ಲ್ಯಾಪ್‌ಟಾಪ್‌ಗೆ ಬಿದ್ದಿತ್ತು. ಹಿಂಜ್ ಸಡಿಲವಾದದ್ದು ಅವರು ಬೀಳಿಸಿದ್ದರಿಂದಲೇ ಅಂತ ಬರೆದು ಕೊಟ್ಟಿದ್ದರು. ಬೀಳಿಸಿಲ್ಲ ಅಂತ ಅವರು ಹೇಗೆ ಸಾಬೀತು ಮಾಡಬೇಕು?

ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆ ಸೆಂಟರ್ ಕಂಪನಿಯದ್ದಲ್ಲ, ಗುತ್ತಿಗೆ ಹಿಡಿದವರದ್ದು. ಬದಲಿ ಲ್ಯಾಪ್‌ಟಾಪ್ ಕೊಡುವ ಅಧಿಕಾರ ಅವರಿಗಿಲ್ಲ. ಅಧಿಕಾರ ಇರುವವರ ಮುಖ ನಾವು ನೋಡುವುದಿಲ್ಲ, ಅವರ ಫೋನ್ ನಂಬರೂ ಸಿಗುವುದಿಲ್ಲ. ಬೈಗುಳವೆಲ್ಲ ಕೌಂಟರಿನವರಿಗೆ, ತೀರ್ಮಾನ ಮಾತ್ರ ಬೇರೆ ಯಾವುದೋ ಊರಿನಲ್ಲಿ.

ಮೊದಲ ಸಲ ಮದರ್‌ಬೋರ್ಡ್ ಬದಲಿಸಿದರು. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ ಬಂತು. 48 ಅಂಕಿಗಳ ಬಿಟ್‌ಲಾಕರ್ ಕೀ ಹಾಕಿ ಅಂತ ಕೇಳಿತು. ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಕೂಡಲೇ ಡಿಸ್ಕಿಗೆ ಬೀಗ ತಾನಾಗಿ ಬೀಳುತ್ತದೆ. ಆ ಬೀಗದ ಕೀಲಿಯನ್ನು ಕಾಯುವ ಚಿಪ್ ಇರುವುದು ಹಳೆಯ ಬೋರ್ಡಿನ ಜೊತೆ. ಬೋರ್ಡ್ ಹೋದರೆ ಚಿಪ್ಪೂ ಹೋಯಿತು. ನನ್ನ ಕೀ ಖಾತೆಯಲ್ಲಿ ಉಳಿದಿತ್ತು, ಫೋನಿನಲ್ಲಿ ತೆಗೆದು ಒಂದೊಂದೇ ಅಂಕಿ ಹೊಡೆದೆ, ಫೈಲುಗಳು ಸಿಕ್ಕವು. ಕೀ ಎಲ್ಲಿದೆ ಅಂತಲೇ ಗೊತ್ತಿಲ್ಲದ ವಿದ್ಯಾರ್ಥಿ ಏನು ಮಾಡಬೇಕು? ಬೋರ್ಡ್ ಬದಲಿಸುವ ಮೊದಲು ಈ ಬಗ್ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. "ಡೇಟಾಕ್ಕೆ ನಾವು ಜವಾಬ್ದಾರರಲ್ಲ" ಅನ್ನುವ ಸಾಲಿಗೆ ಮಾತ್ರ ಮರೆಯದೆ ಸಹಿ ಹಾಕಿಸಿಕೊಂಡಿದ್ದರು.

ಎರಡು ವಾರ ಸರಿ ಇತ್ತು. ಮತ್ತೆ ಅದೇ ಕಪ್ಪು ಪರದೆ. ಈ ಸಲ ಬ್ಯಾಟರಿ ಬದಲಿಸಿದರು. ಮತ್ತೆ ಅದೇ. ಆಮೇಲೆ ಇನ್ನೊಂದು ಬೋರ್ಡ್. ಒಂದೊಂದು ಸಲವೂ ಬಿಡಿಭಾಗ ಹೊರಗಿನಿಂದ ಬರಬೇಕು, ಅಲ್ಲಿಯವರೆಗೆ ಲ್ಯಾಪ್‌ಟಾಪ್ ಅವರ ಬಳಿ. ಇಎಂಐ ಮಾತ್ರ ತಿಂಗಳು ತಿಂಗಳು ತಪ್ಪದೆ ಕಟ್ ಆಗುತ್ತಿತ್ತು. ನಾನು ಪಕ್ಕದ ಗಲ್ಲಿಯ ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತು ಕೆಲಸ ಮುಗಿಸಿದೆ. ಒಂದು ಪುಸ್ತಕದ ಕೆಲಸ ಕೈತಪ್ಪಿತು. ಪ್ರಕಾಶಕರದ್ದು ತಪ್ಪಿಲ್ಲ, ಅವರಿಗೆ ಬಿಡುಗಡೆಯ ದಿನ ಗೊತ್ತಾಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರತಿ ಸಲ ರಿಪೇರಿಗೆ ಹೊಸ ಕೇಸ್ ನಂಬರ್. ವಾಪಸ್ ಕೊಡುವಾಗ ಕೌಂಟರಿನಲ್ಲೇ ನಮ್ಮ ಫೋನಿಗೆ ಒಟಿಪಿ ಬರುತ್ತದೆ. ಅದನ್ನು ಹೇಳಿದರೆ ಮಾತ್ರ ಲ್ಯಾಪ್‌ಟಾಪ್ ಕೈಗೆ. ಹೇಳಿದ ತಕ್ಷಣ "ಸಮಸ್ಯೆ ಬಗೆಹರಿದಿದೆ" ಅಂತ ಕೇಸ್ ಮುಚ್ಚುತ್ತದೆ. ಅಲ್ಲಿ ಆನ್ ಮಾಡಿ ತೋರಿಸುವುದು ಐದು ನಿಮಿಷ. ನನ್ನದು ಕೈಕೊಡುವುದು ಒಂದು ಗಂಟೆಯ ಮೇಲೆ. ಹಾಗಾಗಿ ಅವರ ದಾಖಲೆಯಲ್ಲಿ ನನ್ನ ಲ್ಯಾಪ್‌ಟಾಪ್ ಪದೇ ಪದೇ ಕೆಟ್ಟದ್ದಲ್ಲ, ಪದೇ ಪದೇ ಸರಿಯಾದದ್ದು. ಒಂದೇ ದೋಷ ಮರುಕಳಿಸುತ್ತಿದೆ ಅಂತ ಮೇಲ್ ಮಾಡಿದರೆ, ಹಿಂದಿನ ಕೇಸುಗಳು ಬಗೆಹರಿದಿವೆ ಅಂತ ಉತ್ತರ ಬರುತ್ತದೆ.

ಕೊನೆಗೆ ಬಿಡಿಭಾಗವೇ ಸಿಗುತ್ತಿಲ್ಲ ಅಂದರು. ಆ ಮಾಡೆಲ್ ನಿಂತುಹೋಗಿದೆಯಂತೆ. ನಾನು ಕೊಂಡು ವರ್ಷವೂ ತುಂಬಿಲ್ಲ, ಮಾಡೆಲ್ ಆಗಲೇ ಹಳೆಯದು! ಸರಿ, ಹಾಗಾದರೆ ಬದಲಿ ಕೊಡಿ ಅಂದೆ. ಆಗ ಕಂಪನಿಯಿಂದ ಎರಡು ಆಯ್ಕೆಗಳ ಮೇಲ್ ಬಂತು.

ಮೊದಲನೆಯದು, ನನ್ನದೇ ಮಾಡೆಲ್‌ನ ರಿಫರ್ಬಿಶ್ಡ್ ಲ್ಯಾಪ್‌ಟಾಪ್. ಅಂದರೆ ಇನ್ನೊಬ್ಬರು ವಾಪಸ್ ಕೊಟ್ಟದ್ದನ್ನು ರಿಪೇರಿ ಮಾಡಿದ್ದು. ಎರಡನೆಯದು, ಅದೇ ಸಾಲಿನ ಹೊಸ ಮಾಡೆಲ್. ಆದರೆ ವ್ಯತ್ಯಾಸದ ಹಣ ₹13,000ಕ್ಕೂ ಜಾಸ್ತಿ ಕಟ್ಟಬೇಕು. ಈ ವ್ಯತ್ಯಾಸ ಹೇಗೆ ಬಂತು ಅಂತ ಕೇಳಿದೆ. ಹೊಸ ಮಾಡೆಲ್‌ಗೆ ಅವರು ಹಿಡಿದದ್ದು ಎಂಆರ್‌ಪಿ. ನನ್ನದಕ್ಕೆ ಹಿಡಿದದ್ದು ಆಫರ್‌ನಲ್ಲಿ ಕೊಟ್ಟ ಬಿಲ್ಲಿನ ಬೆಲೆ. ಎಂಆರ್‌ಪಿಗೆ ಲ್ಯಾಪ್‌ಟಾಪ್ ಕೊಳ್ಳುವವರು ಯಾರಿದ್ದಾರೆ? ಆ ಹೊಸ ಮಾಡೆಲ್ ಹುಬ್ಬಳ್ಳಿ ಅಂಗಡಿಯಲ್ಲಿ ಅವತ್ತು ನಾನು ಕೊಟ್ಟಷ್ಟೇ ಬೆಲೆಗೆ ಮಾರಾಟಕ್ಕಿತ್ತು. ಎರಡೂ ಕಡೆ ಎಂಆರ್‌ಪಿ ಹಿಡಿಯಿರಿ, ಇಲ್ಲವೇ ಎರಡೂ ಕಡೆ ಮಾರುವ ಬೆಲೆ ಹಿಡಿಯಿರಿ ಅಂತ ಬರೆದೆ. "ಇದು ಕಂಪನಿಯ ನೀತಿ" ಅನ್ನುವ ಒಂದು ಸಾಲು ಉತ್ತರವಾಗಿ ಬಂತು.

ಹೊಸ ಮಾಡೆಲ್ ಅಂದರೆ ಮೇಲಿನ ದರ್ಜೆಯದ್ದು ಅಂತ ಅಂದುಕೊಳ್ಳಬೇಡಿ. ಪ್ರೊಸೆಸರ್ ಒಂದು ತಲೆಮಾರು ಮುಂದಿನದು, ನಿಜ. ಆದರೆ ರ‍್ಯಾಮ್ 8 ಜಿಬಿ, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು. ಮುಂದೆ ಹೆಚ್ಚಿಸೋಣ ಅಂದರೆ ಜಾಗವೇ ಇಲ್ಲ. ನನ್ನದರಲ್ಲಿ 16 ಇತ್ತು. ಲ್ಯಾನ್ ಕೇಬಲ್ ಹಾಕುವ ಕಿಂಡಿಯನ್ನೂ ತೆಗೆದುಬಿಟ್ಟಿದ್ದಾರೆ. ಜಾಸ್ತಿ ದುಡ್ಡು ಕೊಟ್ಟು ಅರ್ಧ ರ‍್ಯಾಮ್ ತೆಗೆದುಕೊಳ್ಳಬೇಕು. ಮೇಲಿಂದ, ಬದಲಿಗೆ ಸಿಗುವ ವಾರಂಟಿ ಹಳೆಯದರಲ್ಲಿ ಉಳಿದಿರುವ ತಿಂಗಳುಗಳಷ್ಟೇ. ಸರ್ವಿಸ್ ಸೆಂಟರಿನ ಕಪಾಟಿನಲ್ಲಿ ಬಿದ್ದಿದ್ದ ವಾರಗಳೂ ವಾರಂಟಿಯ ಲೆಕ್ಕದಲ್ಲೇ ಕಳೆದುಹೋಗಿವೆ.

ಕಾಯ್ದೆಯ ಕಲಂ 39 ನೋಡಿ. ಮಾಲಿನಲ್ಲಿ ದೋಷ ಇದೆ ಅಂತ ಕಂಡರೆ, ಗ್ರಾಹಕರ ದೂರು ವಿಚಾರಿಸುವ ಜಿಲ್ಲಾ ಆಯೋಗ ಆ ದೋಷ ಸರಿಪಡಿಸಿ ಅನ್ನಬಹುದು. ಅದೇ ಬಗೆಯ, ಯಾವ ದೋಷವೂ ಇಲ್ಲದ ಹೊಸ ಮಾಲು ಕೊಡಿ ಅನ್ನಬಹುದು. ಹಣ ವಾಪಸ್ ಕೊಡಿ ಅನ್ನಬಹುದು. ಹೊಸ ಮಾಲು ಅಂತಲೇ ಇದೆ, ರಿಪೇರಿ ಮಾಡಿದ್ದು ಅಂತ ಇಲ್ಲ. ವ್ಯತ್ಯಾಸದ ಹಣದ ಮಾತೂ ಅಲ್ಲಿಲ್ಲ. ನಮ್ಮ ಕಡೆ ಹೊಸ ಇಳಕಲ್ ಸೀರೆ ಬಿಚ್ಚಿದಾಗ ತೂತು ಕಂಡರೆ ಅಂಗಡಿಯವರು ರಫೂ ಹಾಕಿಸಿ ಕೊಡುತ್ತೇವೆ ಅನ್ನುವುದಿಲ್ಲ. ಬೇರೆ ಸೀರೆ ಕೊಡುತ್ತಾರೆ. ಅದೇ ಬಣ್ಣ ಇಲ್ಲದಿದ್ದರೆ ಅದೇ ಬೆಲೆಯ ಇನ್ನೊಂದನ್ನು ತೋರಿಸುತ್ತಾರೆ. ಕಾನೂನು ಕೇಳುವುದೂ ಇಷ್ಟನ್ನೇ ಅಲ್ವಾ?

ಹಾಗಾದರೆ ಆಯೋಗಕ್ಕೆ ಹೋಗಿ ಅಂತ ನೀವು ಹೇಳಬಹುದು. ಹೋಗುತ್ತೇನೆ, ದೂರು ಸಿದ್ಧ ಮಾಡುತ್ತಿದ್ದೇನೆ. ಹೊಸ ಕಾನೂನು ನಮಗೆ ಒಳ್ಳೆಯದನ್ನೂ ಮಾಡಿದೆ, ಅದನ್ನು ಮರೆಯಬಾರದು. ನಾವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿ ಮಾತಾಡಿದರು, ತಾಳ್ಮೆಯಿಂದ ಕೇಳಿಸಿಕೊಂಡರು. ಆದರೆ ಸಹಾಯವಾಣಿ ಆದೇಶ ಮಾಡುವಂತಿಲ್ಲ, ದೂರನ್ನು ಕಂಪನಿಗೆ ತಲುಪಿಸಬಹುದು ಅಷ್ಟೇ. ಕಂಪನಿ ಅಲ್ಲಿಗೂ ಅದೇ ಎರಡು ಆಯ್ಕೆಗಳನ್ನು ಕಳಿಸಿ ಕೈತೊಳೆದುಕೊಂಡಿತು.

ಆಯೋಗದ ದಾರಿ ದೂರದ್ದು. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೇಲೆ ಮೂರು ತಿಂಗಳಲ್ಲಿ, ಮಾಲಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಲಂ 38 ಹೇಳುತ್ತದೆ. ಅಷ್ಟರಲ್ಲೇ ಮುಗಿದರೂ ದುಡಿಯುವವರಿಗೆ ಅದು ದೀರ್ಘ ಕಾಲವೇ. ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಅದರ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾಗಿ ಬರಬಹುದು. ಕಂಪನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅರವತ್ತು ಸಾವಿರದ ವಸ್ತುವಿಗೆ ಎಷ್ಟು ಜನ ಆಯೋಗದ ಮೆಟ್ಟಿಲು ಹತ್ತುತ್ತಾರೆ? ಹೆಚ್ಚಿನವರು ಸುಮ್ನೆ ರಿಫರ್ಬಿಶ್ಡ್ ಹಿಡಿದುಕೊಂಡು ಹೋಗುತ್ತಾರೆ. ಇಲ್ಲವೇ ವ್ಯತ್ಯಾಸ ಕಟ್ಟುತ್ತಾರೆ. ಆ ತಂದೆ ಕಟ್ಟಿದರು, ಮಗಳ ಮುಂದಿನ ಪರೀಕ್ಷೆ ಹತ್ತಿರ ಬಂದಿತ್ತು.

ನನ್ನ ದೂರಿನ ಮೂಲ ಇಷ್ಟೇ. ರಿಪೇರಿ ಎಲ್ಲಿಗೆ ಮುಗಿಯಬೇಕು, ಬದಲಿ ಎಲ್ಲಿಂದ ಶುರುವಾಗಬೇಕು ಅಂತ ನಮ್ಮ ಕಾನೂನಿನಲ್ಲಿ ಎಲ್ಲೂ ಅಂಕಿ ಹಾಕಿ ಹೇಳಿಲ್ಲ. ಮಾಡೆಲ್ ನಿಂತುಹೋದರೆ "ಅದೇ ಬಗೆಯದು" ಯಾವುದು ಅಂತಲೂ ಹೇಳಿಲ್ಲ. ಆ ಜಾಗವನ್ನು ಕಂಪನಿಗಳು ತಮ್ಮ ತಮ್ಮ ನೀತಿಯಿಂದ ತುಂಬಿಕೊಂಡಿವೆ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದನ್ನು ನೇರವಾಗಿ ಹೇಳಿಬಿಟ್ಟಿದೆ. ದೋಷವಿದ್ದರೆ ಮೊದಲ 30 ದಿನದಲ್ಲಿ ವಾಪಸ್ ಕೊಟ್ಟು ಪೂರ್ತಿ ಹಣ ಪಡೆಯಬಹುದು. ಆಮೇಲಾದರೆ ರಿಪೇರಿಗೋ ಬದಲಿಗೋ ಒಂದು ಅವಕಾಶ. ಅದರಲ್ಲೂ ಸರಿಹೋಗದಿದ್ದರೆ ಗ್ರಾಹಕರು ಮಾಲನ್ನು ತಿರಸ್ಕರಿಸಬಹುದು. ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮೊದಲಿನಿಂದಲೂ ಇತ್ತು ಅಂತಲೇ ಸಾಮಾನ್ಯವಾಗಿ ಲೆಕ್ಕ, ಅಲ್ಲ ಅಂತ ತೋರಿಸುವ ಹೊಣೆ ಮಾರಿದವರದ್ದು. ಇಂಥ ನಿಯಮ ಇಲ್ಲಿದ್ದಿದ್ದರೆ ಉಪನ್ಯಾಸಕರು ತಾವು ಬೀಳಿಸಿಲ್ಲ ಅಂತ ಅಂಗಲಾಚಬೇಕಾಗಿರಲಿಲ್ಲ.

ನಿಮ್ಮಲ್ಲಿ ಕೇಳುವುದು ಸಂಸತ್ತಿನಲ್ಲಿ ಹೊಸ ಕಾಯ್ದೆ ತನ್ನಿ ಅಂತಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಮಾರ್ಗಸೂಚಿ ಹೊರಡಿಸುವ ಅಧಿಕಾರ ಕಲಂ 18ರಲ್ಲಿ ಈಗಾಗಲೇ ಇದೆ. 2022ರಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಹೊರಡಿಸಿದ್ದಾರೆ. 2023ರ ನವೆಂಬರ್‌ನಲ್ಲಿ ಆನ್‌ಲೈನ್ ಅಂಗಡಿಗಳ ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ, ಅಂದರೆ ಗ್ರಾಹಕರನ್ನು ಮರುಳು ಮಾಡುವ ಪರದೆ ವಿನ್ಯಾಸದ ತಂತ್ರಗಳ ಬಗ್ಗೆ, ಹೊರಡಿಸಿದ್ದಾರೆ. ವಾರಂಟಿಯ ಬಗ್ಗೆಯೂ ಅಂಥದ್ದೊಂದನ್ನು ತರಿಸಿ.

ವಾರಂಟಿಯೊಳಗೆ ಒಂದೇ ದೋಷ ಎರಡು ರಿಪೇರಿಯ ನಂತರವೂ ಮರುಕಳಿಸಿದರೆ ಬದಲಿಯೋ ಹಣವೋ ಕೊಡಲೇಬೇಕು, ಎರಡರಲ್ಲಿ ಯಾವುದು ಅನ್ನುವ ಆಯ್ಕೆ ಗ್ರಾಹಕರದ್ದಾಗಬೇಕು ಅಂತ ಅದರಲ್ಲಿ ಬರೆಸಿ. ಮಾಡೆಲ್ ನಿಂತಿದ್ದರೆ ಅದರ ಜಾಗದಲ್ಲಿ ಬಂದಿರುವ ಹೊಸ ಮಾಡೆಲನ್ನು ವ್ಯತ್ಯಾಸದ ಹಣ ಕೇಳದೆ ಕೊಡಬೇಕು. ಮಾಡೆಲ್ ನಿಲ್ಲಿಸಿದ್ದು ಕಂಪನಿ, ನಾವಲ್ಲ. ರ‍್ಯಾಮ್, ಎಸ್‌ಎಸ್‌ಡಿ, ಪರದೆ, ಕಿಂಡಿಗಳು ಯಾವುದರಲ್ಲೂ ಹಳೆಯದಕ್ಕಿಂತ ಕಡಿಮೆ ಇರಬಾರದು. ರಿಫರ್ಬಿಶ್ಡ್ ಕೊಡುವುದಾದರೆ ಗ್ರಾಹಕರು ಒಪ್ಪಿ ಬರೆದುಕೊಟ್ಟಾಗ ಮಾತ್ರ, ಅದೂ ಬೆಲೆಯಲ್ಲಿ ಒಂದು ಭಾಗ ವಾಪಸ್ ಕೊಟ್ಟು. ಬದಲಿ ಕೊಟ್ಟ ದಿನದಿಂದ ಹೊಸ ವಾರಂಟಿ ಶುರುವಾಗಲಿ. ರಿಪೇರಿಗೆ ತೆಗೆದುಕೊಂಡ ದಿನಗಳನ್ನು ಹೇಗೂ ಸೇರಿಸಿಕೊಡಲೇಬೇಕು.

ಜಾಬ್ ಶೀಟ್ ಕನ್ನಡದಲ್ಲೂ ಇರಲಿ. ಹಿಂದಿನ ಎಲ್ಲ ರಿಪೇರಿಗಳ ವಿವರ ಅದರಲ್ಲೇ ಕಾಣುವಂತಿರಲಿ. ಕೌಂಟರಿನಲ್ಲಿ ಒಟಿಪಿ ಕೇಳಿ ಕೇಸ್ ಮುಚ್ಚುವುದು ನಿಲ್ಲಲಿ. ಮನೆಯಲ್ಲಿ ಒಂದು ವಾರ ಬಳಸಿ ನೋಡಿದ ಮೇಲೆ ಗ್ರಾಹಕರು ಮುಚ್ಚಲಿ. ಸಿಐಡಿ ಅಂತ ಬರೆಯುವುದಾದರೆ ಫೋಟೋ ಸಮೇತ ಕಾರಣ ಕೊಡಲಿ.

ಇನ್ನೊಂದು ಮಾತು. 2022ರ ಜುಲೈನಲ್ಲಿ ನಿಮ್ಮ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ರಿಪೇರಿ ಹಕ್ಕಿನ ಪೋರ್ಟಲ್ ಕೂಡ ಬಂತು. ಒಳ್ಳೆಯ ಹೆಜ್ಜೆ. ಅಲ್ಲಿ ಕಂಪನಿಗಳು ಒಂದೊಂದು ಮಾಡೆಲ್‌ಗೂ ಬಿಡಿಭಾಗ ಎಲ್ಲಿಯವರೆಗೆ ಸಿಗುತ್ತದೆ ಅನ್ನುವ ವರ್ಷವನ್ನು ಹಾಕುವುದು ಕಡ್ಡಾಯವಾಗಲಿ. ವಾರಂಟಿ ಮುಗಿಯುವ ಮೊದಲೇ ಬಿಡಿಭಾಗ ಮುಗಿಯುವ ಮಾಡೆಲ್ ಅಂತ ಮೊದಲೇ ಗೊತ್ತಿದ್ದರೆ ಅದನ್ನು ಯಾರು ಕೊಳ್ಳುತ್ತಾರೆ?

ಓದುತ್ತಿರುವ ಉಳಿದವರಲ್ಲೂ ಒಂದು ಕೋರಿಕೆ. ನಿಮಗೂ ಹೀಗಾಗಿದ್ದರೆ 1915ಕ್ಕೆ ದೂರು ದಾಖಲಿಸಿ. ಜಾಬ್ ಶೀಟುಗಳನ್ನು ಎಸೆಯಬೇಡಿ. ಲ್ಯಾಪ್‌ಟಾಪ್ ಆಫ್ ಆಗುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಒಬ್ಬೊಬ್ಬರೇ ಹೋದರೆ ಇದು ಬಿಡಿ ಕೇಸು. ಒಂದೇ ಬಗೆಯ ದೂರು ಸಾಲು ಸಾಲಾಗಿ ಬಂದರೆ ಪ್ರಾಧಿಕಾರ ತಾನೇ ತನಿಖೆಗೆ ಇಳಿಯಬಹುದು, ಆ ಅಧಿಕಾರವೂ ಅದಕ್ಕಿದೆ.

ಸಚಿವರೇ, ಕಂಪನಿಯ ಹೆಸರನ್ನು ಇಲ್ಲಿ ಬರೆದಿಲ್ಲ. ಅದನ್ನು ಆಯೋಗದ ಮುಂದೆ ಹೇಳುತ್ತೇನೆ. ಬಿಲ್ಲು, ಎಲ್ಲ ಜಾಬ್ ಶೀಟುಗಳು, ವ್ಯತ್ಯಾಸದ ಹಣ ಕೇಳಿದ ಮೇಲ್ ನನ್ನ ಬಳಿ ಇವೆ. ನೀವು ಹುಬ್ಬಳ್ಳಿಗೆ ಬಂದಾಗ ಹತ್ತು ನಿಮಿಷ ಕೊಟ್ಟರೆ ತಂದು ತೋರಿಸುತ್ತೇನೆ. ವಾರಂಟಿಯ ಮಾರ್ಗಸೂಚಿ ತರುವ ಯೋಚನೆ ಇಲಾಖೆಗೆ ಇದೆಯೋ ಇಲ್ಲವೋ ಅನ್ನುವುದನ್ನು ದಯವಿಟ್ಟು ಸಾರ್ವಜನಿಕವಾಗಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ಡಿಟಿಪಿ ಕೆಲಸಗಾರ್ತಿ